ಕೊಳವೆಯ ಉದ್ದ

ಮಂಡಿ ಮೊಹಲ್ಲಾದಲ್ಲಿ ಇನಾಯತ್ ಸಾಬರ ಗ್ಯಾರೇಜು
ಒಂದು ಕಾಲಕ್ಕೆ ಟಾಂಗಾ ಕುದುರೆ ಕಟ್ಟುತ್ತಿದ್ದ ಲಾಯ.
ಗೋಡೆಯ ಕಬ್ಬಿಣದ ಬಳೆಗೆ ಈಗ
ನನ್ನ ಬಲೆನೋದ ಬಾನೆಟ್ಟು ಎತ್ತಿ ಕಟ್ಟಿದ ಹಗ್ಗ.

ಬೆಂಚಿನ ಮೇಲೆ ಮೂರು ಮ್ಯಾನಿಫೋಲ್ಡು.
ಒಂದು ಗಾಡಿಯ ಜೊತೆ ಹುಟ್ಟಿದ್ದು,
ಒಳಗೆ ಹದಿನೆಂಟು ವರ್ಷದ ಮಸಿ,
ಬೆರಳಿಟ್ಟರೆ ಕಾಡಿಗೆ ಡಬ್ಬಿ.
ಇನ್ನೊಂದು ಕೊಯಮತ್ತೂರಿನಿಂದ ರಾತ್ರಿ ಬಸ್ಸಿಗೆ ಬಂದದ್ದು,
ಗಿಡ್ಡ ಕೊಳವೆ, ದಪ್ಪ ಹೊಟ್ಟೆ,
ನೋಡಿಕೊಂಡು ಹಣೆಬೊಟ್ಟು ಸರಿಮಾಡಿಕೊಳ್ಳಬಹುದು
ಅಂಥ ಪಾಲಿಶು.
ಮೂರನೆಯದು ಇನ್ನೂ ಮ್ಯಾನಿಫೋಲ್ಡೇ ಅಲ್ಲ:
ನಾಲ್ಕು ಅಲ್ಯೂಮಿನಿಯಂ ಕೊಳವೆ, ಒಂದು ದಪ್ಪ ತಗಡು,
ಆರೋಗ್ಯಸ್ವಾಮಿಯ ಸೀಮೆಸುಣ್ಣದ ಗುರುತು.

ನಾನು ರೈಲ್ವೆ ವರ್ಕ್‌ಶಾಪಿನವಳು.
ಬೋಗಿಯ ಬ್ರೇಕು ಕಳಚಿ ಜೋಡಿಸಿ ಹನ್ನೆರಡು ವರ್ಷ.
ಅಳತೆ ಅಂದರೆ ನನಗೆ ಡ್ರಾಯಿಂಗಿನಲ್ಲಿ ಬರೆದದ್ದು.
ಇಲ್ಲಿ ಬರೆದದ್ದು ಏನೂ ಇಲ್ಲ.
ಹೊಳೆಯುವುದನ್ನೇ ಎತ್ತಿಕೊಂಡೆ.

ಸಾಬರು ತಲೆಯೆತ್ತಲಿಲ್ಲ.
"ಎಲ್ಲಿ ಓಡಿಸ್ತೀಯ ಸುಗುಣಾ? ನೇರ ರಸ್ತೇಲಾ?"
ಇಲ್ಲ, ಇಲವಾಲದ ಆಚೆ, ಮಣ್ಣಿನ ಟ್ರ್ಯಾಕು, ಹದಿನಾರು ತಿರುವು.
"ಹಂಗಾದ್ರೆ ಏಳು ಸಾವಿರ ಮುಟ್ಟೋದು ಯಾವಾಗ?"
ಲೆಕ್ಕ ಹಾಕಿದೆ. ಒಂದು ಸಲ, ಮುಗಿಯುವ ಗೆರೆಯ ಹತ್ತಿರ,
ಅದೂ ನಾಯಿ ಅಡ್ಡ ಬರದಿದ್ದರೆ.

ಆರೋಗ್ಯಸ್ವಾಮಿ ಕನ್ನಡಕ ಹಣೆಗೇರಿಸಿದ.
ಹಗಲು ವೆಲ್ಡರು, ಲಗ್ನದ ತಿಂಗಳ ರಾತ್ರಿಗಳಲ್ಲಿ
ಬ್ಯಾಂಡ್‌ಸೆಟ್ಟಿನ ಟ್ರಾಂಬೋನು.
ಸ್ಕೂಟರಿನಿಂದ ಹಿತ್ತಾಳೆ ತಂದು ತುಟಿಗಿಟ್ಟ.
ಕೈ ಒಳಗೆಳೆದ: ಮೇಲಿನ ಸ್ವರ, ಚೂಪು.
ಕೈ ಪೂರ್ತಿ ಚಾಚಿದ:
ಸ್ವರ ಇಳಿಯಿತು, ಇಳಿಯಿತು,
ಗ್ರೀಸಿನ ಡಬ್ಬದ ಮುಚ್ಚಳ ನಡುಗಿತು.
"ಗಿಡ್ಡಕ್ಕಿದ್ರೆ ಕಿರುಚತ್ತೆ. ಉದ್ದಕ್ಕಿದ್ರೆ
ಮೆರವಣಿಗೇನೇ ಎಳ್ಕೊಂಡ್ ಹೋಗತ್ತೆ.
ನಿಂಗ್ಯಾವ್ದು ಬೇಕು?"

ಹೊಳೆಯುವುದನ್ನು ಕೆಳಗಿಟ್ಟೆ.
ಇಡುವಾಗ ಅದರಲ್ಲಿ ನನ್ನ ಮುಖ ಕೊಂಚ ಅಗಲವಾಯಿತು.

ಮೂವತ್ತೆಂಟು ಸೆಂಟಿಮೀಟರು.
ಕತ್ತರಿಸಿ, ಅರೆದು, ಬೆಸೆದು ಎರಡು ಭಾನುವಾರ.
ಒಳಗೋಡೆ ಕನ್ನಡಿಯಾಗಬಾರದಂತೆ,
ತುಸು ಒರಟಿದ್ದರೇ ಪೆಟ್ರೋಲು ಗಾಳಿಯೊಡನೆ ಬೆರೆಯುವುದಂತೆ.
ಸಾಬರು ಹೇಳಿದ್ದು. ನಿಜವೋ ಏನೋ,
ಎಂಬತ್ತನೇ ನಂಬರಿನ ಎಮರಿ ಕಾಗದದಲ್ಲಿ
ಉಜ್ಜಿದ್ದು ಮಾತ್ರ ನಾನು.

ಮೂರನೆಯ ಭಾನುವಾರ ಬೋಲ್ಟು.
ನಡುವಿನಿಂದ ಅಂಚಿಗೆ, ಒಂದೊಂದಕ್ಕೆ ಅರ್ಧರ್ಧ ಸುತ್ತು,
ರೊಟ್ಟಿ ತಟ್ಟುವ ಹಾಗೆ.
ಹತ್ತು ಬೋಲ್ಟು.
ಒಂಬತ್ತು ವಾಷರು.
ಯಾರೂ ಮಾತಾಡಲಿಲ್ಲ.
ಮತ್ತೆ ಎಲ್ಲ ಬಿಚ್ಚಿದೆವು.
ಅಯಸ್ಕಾಂತಕ್ಕೆ ಒಲಿಯದ ಲೋಹ;
ಟಾರ್ಚು ಹಿಡಿದು ಒಂದೊಂದೇ ಗಂಟಲು ನೋಡಿದೆ.
ಮುಕ್ಕಾಲು ಗಂಟೆಯ ಮೇಲೆ ಸಿಕ್ಕಿತು,
ಆರೋಗ್ಯಸ್ವಾಮಿಯ ಮೊಣಕೈಗೆ ಗ್ರೀಸಿನಲ್ಲಿ ಅಂಟಿಕೊಂಡು
ಇಷ್ಟು ಹೊತ್ತೂ ನಮ್ಮ ಜೊತೆಗೇ ಹುಡುಕುತ್ತಿತ್ತು.

ಸ್ಟಾರ್ಟು. ಸೂಜಿ ಒಂಬೈನೂರು,
ಸಾವಿರದ ಮುನ್ನೂರು, ಮತ್ತೆ ಕೆಳಗೆ.
ಎಲ್ಲೋ ಒಂದು ಸಣ್ಣ ಬುಸ್ಸು.
"ಗಾಳಿ ಕದೀತಿದೆ," ಅಂದ ಸಾಬರು
ಎದುರಂಗಡಿಯಿಂದ ಊದುಬತ್ತಿ ತರಿಸಿದರು.
ಪೆಟ್ರೋಲಿದೆ ಸಾಬ್ರೇ.
"ಗೊತ್ತಿದೆ. ಮರಳಿನ ಬಕೀಟು ಹಿಡ್ಕೊಂಡ್ ನಿಂತ್ಕೊ."
ಗಂಧದ ಹೊಗೆ ಮೊದಲ ಕೊಳವೆ ದಾಟಿತು, ಎರಡನೆಯದು,
ಮೂರನೆಯದರ ಬೆಸುಗೆಯ ಕೆಳಗೆ
ನೇರ ಏಳುತ್ತಿದ್ದದ್ದು ತಟ್ಟನೆ ಬಾಗಿ
ಒಳಗೆ ಹೋಯಿತು,
ಗುಟ್ಟು ಹೇಳಲು ಕಿವಿ ಸಿಕ್ಕಿದ ಹಾಗೆ.

ಚಹಾ ತಂದ ಹುಡುಗ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.
"ಪೂಜೆ ಆಯ್ತಾ?"
"ಇನ್ನೊಂದ್ ಬೆಸುಗೆ ಬಾಕಿ ಐತೆ," ಅಂದ ಆರೋಗ್ಯಸ್ವಾಮಿ,
ಕನ್ನಡಕ ಇಳಿಸುತ್ತ.

ಆ ತಿಂಗಳು ನಾಲ್ಕನೆಯವಳಾಗಿ ಬಂದೆ.
ಹೇಳಿಕೊಳ್ಳುವಂಥದ್ದಲ್ಲ.
ಆದರೆ ಒಂಬತ್ತನೆಯ ತಿರುವು, ಎರಡನೇ ಗೇರು, ಬರೀ ಮೂರು ಸಾವಿರ,
ಕಾಲೂರಿದೆ.
ಮುಂದೆಲ್ಲ ಕೆಂಪು ಧೂಳು, ಏನೂ ಕಾಣದು.
ಗ್ರೀಸಿನ ಡಬ್ಬದ ಮುಚ್ಚಳ
ಇಲ್ಲಿಗೆ ಹೇಗೆ ಬಂತು, ಅಂದುಕೊಂಡೆ.